114ರಿಂದ 85ಕ್ಕೆ: ನಂಬರ್ ಒನ್ ತಂಡ ಒಂದೇ ವರ್ಷದಲ್ಲಿ ಕುಸಿದದ್ದು ಹೇಗೆ?

2024ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ರೇಂಜರ್ಸ್ ಐಸ್ ಹಾಕಿ ತಂಡ ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ, ಅಂದರೆ ಎನ್‌ಎಚ್‌ಎಲ್‌ನಲ್ಲಿ, ಎಲ್ಲರಿಗಿಂತ ಮೇಲಿತ್ತು. 82 ಪಂದ್ಯ, 114 ಪಾಯಿಂಟ್. ಲೀಗ್‌ನ 32 ತಂಡಗಳಲ್ಲಿ ಯಾರಿಗೂ ಅಷ್ಟು ಸಿಕ್ಕಿರಲಿಲ್ಲ. ಒಂದು ವರ್ಷ ಕಳೆಯಿತು. 2025ರ ಏಪ್ರಿಲ್‌ನಲ್ಲಿ ಅದೇ ತಂಡ 85 ಪಾಯಿಂಟ್‌ಗೆ ನಿಂತು, ಪ್ಲೇಆಫ್‌ ಮುಖವನ್ನೂ ನೋಡದೆ ಗಂಟುಮೂಟೆ ಕಟ್ಟಿತು.

ಗೋಲ್‌ಕೀಪರ್ ಅವರೇ. ಕೋಚ್ ಅವರೇ. ಹೆಚ್ಚು ಗೋಲು ಹೊಡೆಯುವ ಆಟಗಾರರೂ ಹೆಚ್ಚುಕಡಿಮೆ ಅವರೇ. ಹಾಗಾದರೆ 29 ಪಾಯಿಂಟ್ ಎಲ್ಲಿ ಹೋಯಿತು?

ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. 'ಕೋಚ್ ಸರಿ ಇರಲಿಲ್ಲ', 'ಆಟಗಾರರಿಗೆ ಮನಸ್ಸಿರಲಿಲ್ಲ', 'ಮ್ಯಾನೇಜರ್ ಕೆಡಿಸಿದರು'. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ಐಸ್ ಹಾಕಿಯಲ್ಲಿ ತಂಡ ಬೀಳುವ ರೀತಿಯೇ ಬೇರೆ. ಅದು ಗೊತ್ತಾಗಬೇಕಾದರೆ ಪಾಯಿಂಟ್ ಲೆಕ್ಕದಿಂದ ಶುರು ಮಾಡಬೇಕು.

ಪಾಯಿಂಟ್ ಪಟ್ಟಿ ಓದುವುದು ಹೇಗೆ

ಎನ್‌ಎಚ್‌ಎಲ್‌ನಲ್ಲಿ ಗೆದ್ದರೆ 2 ಪಾಯಿಂಟ್. ನಿಗದಿತ 60 ನಿಮಿಷದೊಳಗೆ ಸೋತರೆ ಸೊನ್ನೆ. 60 ನಿಮಿಷಕ್ಕೆ ಸಮ ಆಗಿ, ಆಮೇಲೆ ಹೆಚ್ಚುವರಿ ಆಟದಲ್ಲೋ ಶೂಟೌಟ್‌ನಲ್ಲೋ ಸೋತರೆ ಸಮಾಧಾನಕ್ಕೆ 1 ಪಾಯಿಂಟ್. ಹಾಗಾಗಿ ಪಟ್ಟಿಯಲ್ಲಿ ಮೂರು ಅಂಕಿ ಇರುತ್ತವೆ: ಗೆಲುವು, ಸೋಲು, ಹೆಚ್ಚುವರಿ ಆಟದ ಸೋಲು.

2023-24ರ ಸೀಸನ್‌ನಲ್ಲಿ ರೇಂಜರ್ಸ್ ದಾಖಲೆ 55-23-4. ಮರುವರ್ಷ 39-36-7. ಗೆಲುವು 16 ಕಡಿಮೆ. ಹೆಚ್ಚುವರಿ ಆಟದಲ್ಲಿ ಸೋತು ಗಿಟ್ಟಿದ್ದು ಮೂರೇ ಮೂರು ಪಾಯಿಂಟ್ ಜಾಸ್ತಿ. 32 ಹೋಯಿತು, 3 ಬಂತು. ಅಲ್ಲಿಗೆ 29.

ಇನ್ನೊಂದು ಅಂಕಿ ನೆನಪಿಟ್ಟುಕೊಳ್ಳಿ. 32 ತಂಡಗಳಲ್ಲಿ 16 ಪ್ಲೇಆಫ್‌ಗೆ ಹೋಗುತ್ತವೆ. ಲೀಗ್‌ಗೆ ಪೂರ್ವ, ಪಶ್ಚಿಮ ಅಂತ ಎರಡು ಭಾಗ, ಪ್ರತಿ ಭಾಗದಿಂದ ಎಂಟು ತಂಡ. 2025ರಲ್ಲಿ ಪೂರ್ವದ ಎಂಟನೇ ಸ್ಥಾನ ಸಿಕ್ಕಿದ್ದು 91 ಪಾಯಿಂಟ್ ಗಳಿಸಿದ ಮಾಂಟ್ರಿಯಲ್‌ಗೆ. ರೇಂಜರ್ಸ್ ಬಳಿ ಇದ್ದದ್ದು 85. ಅಂದರೆ ಇಷ್ಟೆಲ್ಲ ರಾದ್ಧಾಂತ ಆದಮೇಲೂ ಕೊರತೆ ಬಿದ್ದದ್ದು 6 ಪಾಯಿಂಟ್, ಮೂರು ಗೆಲುವು. ಆರೂವರೆ ತಿಂಗಳ ಸೀಸನ್‌ನಲ್ಲಿ ಮೂರು ರಾತ್ರಿ.

ಗೋಲು ಕಡಿಮೆ ಇದ್ದಾಗ ಅದೃಷ್ಟದ ಪಾಲು ಜಾಸ್ತಿ

ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ತಂಡ ನೂರಕ್ಕೂ ಹೆಚ್ಚು ಅಂಕ ಗಳಿಸುತ್ತದೆ. ಒಂದೆರಡು ಚೆಂಡು ತಪ್ಪಾಗಿ ಬಿದ್ದರೆ ಫಲಿತಾಂಶವೇನೂ ತಲೆಕೆಳಗಾಗುವುದಿಲ್ಲ. ಎನ್‌ಎಚ್‌ಎಲ್‌ನಲ್ಲಿ ಒಂದು ತಂಡ ಒಂದು ಪಂದ್ಯಕ್ಕೆ ಹೊಡೆಯುವುದು ಸರಾಸರಿ ಮೂರು ಗೋಲು. ಮೂರರಲ್ಲಿ ಒಂದು ಆ ಕಡೆ ಈ ಕಡೆ ಆದರೆ ಮುಗಿಯಿತು.

ಅದೂ ಎಂಥ ಗೋಲು! ಪಕ್ ಅನ್ನುವುದು ಗಟ್ಟಿ ರಬ್ಬರಿನ ಬಿಲ್ಲೆ. ಮೂರು ಇಂಚು ಅಗಲ, ಒಂದಿಂಚು ದಪ್ಪ, ಸುಮಾರು 170 ಗ್ರಾಂ ತೂಕ. ಪುಟಿಯದಿರಲಿ ಅಂತ ಪಂದ್ಯಕ್ಕೆ ಮೊದಲು ಅದನ್ನು ಫ್ರೀಜರ್‌ನಲ್ಲಿ ಇಟ್ಟಿರುತ್ತಾರೆ. ಗೋಲು ಪೆಟ್ಟಿಗೆ ಆರು ಅಡಿ ಅಗಲ, ನಾಲ್ಕಡಿ ಎತ್ತರ, ಅದರ ತುಂಬ ಪ್ಯಾಡ್ ಕಟ್ಟಿಕೊಂಡ ಗೋಲ್‌ಕೀಪರ್. ಪಕ್ ಒಬ್ಬನ ಸ್ಟಿಕ್‌ಗೆ ತಾಗಿ, ಇನ್ನೊಬ್ಬನ ಸ್ಕೇಟ್‌ಗೆ ಬಡಿದು, ಎಲ್ಲೋ ಹೋಗಬೇಕಾದ್ದು ಒಳಗೆ ಹೋಗುತ್ತದೆ. ಇಲ್ಲವೇ ಕಂಬಕ್ಕೆ ಟಣ್ ಅಂತ ಬಡಿದು ಹೊರಗೆ. ಸ್ಕೋರ್‌ಬೋರ್ಡ್‌ಗೆ ಇದ್ಯಾವುದೂ ಗೊತ್ತಾಗುವುದಿಲ್ಲ.

ಹಾಗಾಗಿ ಒಂದು ಸೀಸನ್‌ನ ಪಾಯಿಂಟ್ ನೋಡಿ ತಂಡದ ನಿಜವಾದ ತಾಕತ್ತು ಹೇಳುವುದು ಕಷ್ಟ. 2023-24ರಲ್ಲೂ ರೇಂಜರ್ಸ್ ಗೋಲ್‌ಕೀಪರ್ ಬಿಟ್ಟು ಎರಡೂ ಕಡೆ ಐದೈದು ಜನ ಆಡುವಾಗ ಸಾಧಾರಣ ತಂಡವೇ ಎಂದು ಅಂಕಿಅಂಶ ನೋಡುವವರು ಆಗಲೇ ಹೇಳಿದ್ದರು. ಗೆಲ್ಲುತ್ತಿದ್ದಾಗ ಯಾರಿಗೆ ಬೇಕಾಗಿತ್ತು ಆ ಮಾತು? ತಂಡವನ್ನು ಎತ್ತಿ ಹಿಡಿದಿದ್ದು ಮುಖ್ಯವಾಗಿ ಎರಡು ಕಂಬ. ಒಂದು ಗೋಲ್‌ಕೀಪರ್, ಇನ್ನೊಂದು ಪವರ್ ಪ್ಲೇ. ಮರುವರ್ಷ ಎರಡೂ ಒಟ್ಟಿಗೆ ಅಲುಗಾಡಿದವು.

ಗೋಲು ಪೆಟ್ಟಿಗೆಯ ಮುಂದೆ ಒಬ್ಬ

ರೇಂಜರ್ಸ್ ಗೋಲ್‌ಕೀಪರ್ ರಷ್ಯಾದ ಇಗೋರ್ ಶೆಸ್ಟರ್ಕಿನ್. 2022ರಲ್ಲಿ ಲೀಗ್‌ನ ಅತ್ಯುತ್ತಮ ಗೋಲ್‌ಕೀಪರ್ ಪ್ರಶಸ್ತಿ ಗೆದ್ದವರು. ಇವರ ಕೆಲಸ ಅಳೆಯುವ ಮುಖ್ಯ ಅಳತೆಗೆ ಸೇವ್ ಪರ್ಸೆಂಟೇಜ್ ಅಂತ ಹೆಸರು. ಗೋಲಿನತ್ತ ಬಂದ ನೂರು ಹೊಡೆತಗಳಲ್ಲಿ ಎಷ್ಟು ತಡೆದರು ಅನ್ನುವುದು, ಅಷ್ಟೇ.

2023-24ರಲ್ಲಿ ಶೆಸ್ಟರ್ಕಿನ್ ನೂರಕ್ಕೆ 91.3 ತಡೆದರು. ಮರುವರ್ಷ 90.5. ಮುಕ್ಕಾಲು ಚಿಲ್ಲರೆ ವ್ಯತ್ಯಾಸ, ಇದೇನು ದೊಡ್ಡದು ಅನ್ನಿಸುತ್ತೆ ಅಲ್ವಾ? ಲೆಕ್ಕ ಹಾಕಿ ನೋಡಿ. ಪಂದ್ಯಕ್ಕೆ 30 ಹೊಡೆತ ಅಂತ ಇಟ್ಟುಕೊಂಡರೆ ನಾಲ್ಕು ಪಂದ್ಯಕ್ಕೆ ಒಂದು ಗೋಲು ಜಾಸ್ತಿ. 60 ಪಂದ್ಯಕ್ಕೆ ಸುಮಾರು 14 ಗೋಲು. ಐಸ್ ಹಾಕಿ ಲೆಕ್ಕಿಗರು ಬಳಸುವ ಒಂದು ಅಂದಾಜು ಇದೆ: ಸೀಸನ್ ಉದ್ದಕ್ಕೂ ಸುಮಾರು ಆರು ಗೋಲಿನ ವ್ಯತ್ಯಾಸ ಅಂದರೆ ಒಂದು ಗೆಲುವು. ಆ ಪ್ರಕಾರ ಎರಡಕ್ಕಿಂತ ಜಾಸ್ತಿ ಗೆಲುವು ಇಲ್ಲೇ ಸೋರಿತು.

ಇದು ಪೂರ್ತಿ ಶೆಸ್ಟರ್ಕಿನ್ ತಪ್ಪಲ್ಲ. ಎಲ್ಲ ಹೊಡೆತವೂ ಒಂದೇ ಅಲ್ಲ. ದೂರದಿಂದ, ಕಣ್ಣೆದುರೇ ಬರುವ ಪಕ್ ಹಿಡಿಯುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಆದರೆ ತನ್ನ ಕಡೆಯ ಒಬ್ಬನೇ ಒಬ್ಬ ಡಿಫೆಂಡರ್ ಉಳಿದು, ಎದುರಾಳಿ ಇಬ್ಬರು ಜೋಡಿಯಾಗಿ ನುಗ್ಗಿದಾಗ? ಪಕ್ ಇಟ್ಟುಕೊಂಡವನೇ ಹೊಡೆಯುತ್ತಾನೋ, ಪಕ್ಕದವನಿಗೆ ಕೊಡುತ್ತಾನೋ? ಎಡಕ್ಕೆ ಸರಿದರೆ ಬಲ ಖಾಲಿ. ಆ ವರ್ಷ ರೇಂಜರ್ಸ್ ಎದುರಾಳಿಗೆ ಇಂಥ ಅವಕಾಶಗಳನ್ನು ಕೈಬಿಚ್ಚಿ ಕೊಟ್ಟಿತು. ಮುಂದೆ ನುಗ್ಗಿದವರು ಪಕ್ ಕಳೆದುಕೊಂಡಾಗ ಅಷ್ಟೇ ಜೋರಾಗಿ ವಾಪಸ್ ಓಡಿ ಬರುತ್ತಿರಲಿಲ್ಲ. ಮೊದಲ 17 ಪಂದ್ಯಗಳಲ್ಲಿ 12-4-1 ಅಂತ ಚೆನ್ನಾಗಿಯೇ ಶುರುವಾಗಿತ್ತು. ಆದರೆ ಆ ಗೆಲುವುಗಳ ಹಿಂದೆಯೂ ತೂತು ಇತ್ತು, ಗೋಲ್‌ಕೀಪರ್ ಅದನ್ನು ಮೈಯೊಡ್ಡಿ ಮುಚ್ಚುತ್ತಿದ್ದರು.

ಪವರ್ ಪ್ಲೇ, ಮತ್ತು ಒಬ್ಬ ಆಟಗಾರನ ಬೆನ್ನು

ಐಸ್ ಹಾಕಿಯಲ್ಲಿ ಎದುರಾಳಿಯನ್ನು ಸ್ಟಿಕ್‌ನಿಂದ ಎಡವಿಸಿದರೆ, ಹಿಡಿದು ಎಳೆದರೆ, ಎರಡು ನಿಮಿಷ ಹೊರಗೆ ಕೂರಬೇಕು. ಅದಕ್ಕೇ ಅಂಕಣದ ಪಕ್ಕ ಒಂದು ಗಾಜಿನ ಪೆಟ್ಟಿಗೆ ಇದೆ. ಅವನ ಬದಲಿಗೆ ಇನ್ನೊಬ್ಬ ಬರುವಂತಿಲ್ಲ. ಹಾಗಾಗಿ ಎರಡು ನಿಮಿಷ ಐದು ಜನಕ್ಕೆ ನಾಲ್ಕೇ ಜನ. ಐದು ಜನ ಇರುವ ತಂಡಕ್ಕೆ ಇದು ಪವರ್ ಪ್ಲೇ. ಹೆಸರು ಕ್ರಿಕೆಟ್‌ನದ್ದೇ ಆದರೂ ಸಂಗತಿ ಬೇರೆ.

2023-24ರಲ್ಲಿ ರೇಂಜರ್ಸ್ ಪವರ್ ಪ್ಲೇ ಲೀಗ್‌ನಲ್ಲಿ ಮೂರನೇ ಸ್ಥಾನದಲ್ಲಿತ್ತು. ನೂರು ಅವಕಾಶ ಸಿಕ್ಕರೆ 26ಕ್ಕಿಂತ ಜಾಸ್ತಿ ಗೋಲು. ಮರುವರ್ಷ ನೂರಕ್ಕೆ 18 ಕೂಡ ಬರಲಿಲ್ಲ, 28ನೇ ಸ್ಥಾನ. ಒಂದು ತಂಡಕ್ಕೆ ಸೀಸನ್‌ನಲ್ಲಿ ಇಂಥ ಅವಕಾಶ ಇನ್ನೂರರ ಆಸುಪಾಸು ಸಿಗುತ್ತವೆ. ಅಂದರೆ ಹದಿನಾರು, ಹದಿನೇಳು ಗೋಲು ಮಾಯ. ಆರು ಗೋಲಿಗೊಂದು ಗೆಲುವು ಅನ್ನುವ ಅಂದಾಜಿನಲ್ಲೇ ನೋಡಿದರೆ ಇನ್ನೂ ಮೂರು ಗೆಲುವು ಹೋಯಿತು. ಪ್ಲೇಆಫ್‌ಗೆ ಕೊರತೆ ಬಿದ್ದದ್ದೂ ಮೂರೇ ಅನ್ನುವುದು ನೆನಪಿದೆಯಲ್ಲ?

ಆಡಿದವರು ಹೆಚ್ಚುಕಡಿಮೆ ಅದೇ ಐದು ಜನ. ಆಡಮ್ ಫಾಕ್ಸ್, ಆರ್ಟೆಮಿ ಪನಾರಿನ್, ಮಿಕಾ ಜಿಬಾನೆಜಾಡ್, ವಿನ್ಸೆಂಟ್ ಟ್ರೋಚೆಕ್, ಕ್ರಿಸ್ ಕ್ರೈಡರ್. ಈ ಐವರಲ್ಲಿ ಕ್ರೈಡರ್ ಮಾಡುವ ಕೆಲಸ ಸ್ವಲ್ಪ ಹತ್ತಿರದಿಂದ ನೋಡುವಂಥದ್ದು.

ಕ್ರೈಡರ್ ಎದುರಾಳಿ ಗೋಲ್‌ಕೀಪರ್‌ನ ಮೂಗಿನ ಮುಂದೆ ಹೋಗಿ ನಿಲ್ಲುತ್ತಾರೆ. ಆಳು ಆರಡಿ ಮೂರಿಂಚು. ಮೊದಲ ಕೆಲಸ ಅಡ್ಡ ನಿಲ್ಲುವುದೇ, ಗೋಲ್‌ಕೀಪರ್‌ಗೆ ಪಕ್ ಕಾಣಬಾರದು. ಎದುರಾಳಿ ಡಿಫೆಂಡರ್ ಹಿಂದಿನಿಂದ ಸೊಂಟಕ್ಕೆ, ಬೆನ್ನಿಗೆ ಸ್ಟಿಕ್ ಒತ್ತಿ ತಳ್ಳುತ್ತಲೇ ಇರುತ್ತಾನೆ. ಅದನ್ನು ತಡೆದುಕೊಂಡು, ಕಾಲು ಅಗಲಿಸಿ ಅಲ್ಲೇ ಬೇರು ಬಿಡಬೇಕು. ಆಗ ದೂರದಿಂದ ಒಬ್ಬ ಪಕ್ ಬೀಸುತ್ತಾನೆ. ಅದು ಗಾಳಿಯಲ್ಲಿ ಹಾದುಹೋಗುವ ಕ್ಷಣದಲ್ಲಿ ಕ್ರೈಡರ್ ಸ್ಟಿಕ್ಕಿನ ಅಂಚನ್ನು ಸುಮ್ನೆ ಹೀಗೆ ತಾಗಿಸುತ್ತಾರೆ. ದಿಕ್ಕು ಒಂದು ಗೇಣು ಬದಲಾಗುತ್ತದೆ. ಗೋಲ್‌ಕೀಪರ್ ಆಗಲೇ ಇನ್ನೊಂದು ಕಡೆ ವಾಲಿರುತ್ತಾನೆ. ನೋಡುವವರಿಗೆ ಇದು ಅದೃಷ್ಟ ಅನ್ನಿಸಬೇಕು. ಆದರೆ 2021-22ರಲ್ಲಿ ಈ ಮನುಷ್ಯ 52 ಗೋಲು ಹೊಡೆದರು, ಅದರಲ್ಲಿ ಅರ್ಧದಷ್ಟು ಪವರ್ ಪ್ಲೇಯಲ್ಲೇ.

ಇದಕ್ಕೆಲ್ಲ ಆಧಾರ ಬೆನ್ನು. 2024-25ರಲ್ಲಿ ಕ್ರೈಡರ್‌ಗೆ ವಯಸ್ಸು 33, ಮತ್ತು ಬೆನ್ನು ಹಿಡಿದುಕೊಂಡಿತು. ಹಿಂದಿನ ವರ್ಷ 39 ಗೋಲು ಹೊಡೆದವರು 68 ಪಂದ್ಯಗಳಲ್ಲಿ 22ಕ್ಕೆ ನಿಂತರು. ಗೋಲಿನ ಮುಂದೆ ಗಟ್ಟಿಯಾಗಿ ನಿಲ್ಲುವವನಿಲ್ಲ ಅಂದಾಗ ಉಳಿದ ನಾಲ್ವರ ಆಟವೂ ಕೆಡುತ್ತದೆ. ಎದುರಾಳಿ ಡಿಫೆಂಡರ್‌ಗಳಿಗೆ ಅಲ್ಲಿ ಕೆಲಸ ಕಡಿಮೆಯಾಗಿ, ಪನಾರಿನ್ ಪಾಸ್ ಕೊಡುವ ದಾರಿಗೆ, ಜಿಬಾನೆಜಾಡ್ ಹೊಡೆಯುವ ಮೂಲೆಗೆ ಬಂದು ನಿಲ್ಲುತ್ತಾರೆ. 2023-24ರಲ್ಲಿ ಗೋಲು, ಗೋಲಾದ ಪಾಸ್ ಎರಡೂ ಸೇರಿ 120 ಪಾಯಿಂಟ್ ಗಳಿಸಿದ್ದ ಪನಾರಿನ್ ಮರುವರ್ಷ 89ಕ್ಕೆ ಇಳಿದರು. ಇವರಿಗೂ 33 ವರ್ಷವೇ. ವರ್ಷಗಟ್ಟಲೆ ಆಡಿದ್ದೇ ಆಟ ಆಡಿದಾಗ ಎದುರಾಳಿಗಳೂ ವಿಡಿಯೊ ನೋಡಿ ಕಲಿಯುತ್ತಾರೆ ಅನ್ನುವುದನ್ನೂ ಸೇರಿಸಿಕೊಳ್ಳಿ.

ದುಡ್ಡು ಸುರಿದು ಹೊಸಬರನ್ನು ತರಬಹುದಿತ್ತಲ್ಲ?

ನ್ಯೂಯಾರ್ಕ್ ತಂಡಕ್ಕೆ ದುಡ್ಡಿನ ಬರ ಇಲ್ಲ. ಆದರೆ ಎನ್‌ಎಚ್‌ಎಲ್‌ನಲ್ಲಿ ದುಡ್ಡಿದ್ದರೂ ಖರ್ಚು ಮಾಡುವಂತಿಲ್ಲ. ಎಲ್ಲ ಆಟಗಾರರ ಸಂಬಳಕ್ಕೆ ಸೇರಿ ಒಂದು ಮಿತಿ ಇದೆ, ಅದಕ್ಕೆ ಸ್ಯಾಲರಿ ಕ್ಯಾಪ್ ಅನ್ನುತ್ತಾರೆ. 2024-25ರಲ್ಲಿ ಅದು ತಂಡಕ್ಕೆ 8.8 ಕೋಟಿ ಡಾಲರ್. ಶ್ರೀಮಂತ ತಂಡಕ್ಕೂ ಅಷ್ಟೇ, ಬಡ ತಂಡಕ್ಕೂ ಅಷ್ಟೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ನಮ್ಮ ಗಾದೆ ಇಲ್ಲಿ ಕಾನೂನು. ಎಲ್ಲರಿಗೂ ಒಂದೇ ಅಳತೆಯ ಹಾಸಿಗೆ.

ತೊಡಕು ಇರುವುದು ಒಪ್ಪಂದಗಳ ಉದ್ದದಲ್ಲಿ. ಇಪ್ಪತ್ತೈದು ಇಪ್ಪತ್ತೆಂಟರ ವಯಸ್ಸಿನಲ್ಲಿ ಚೆನ್ನಾಗಿ ಆಡಿದವನಿಗೆ ಏಳೆಂಟು ವರ್ಷದ ಒಪ್ಪಂದ ಕೊಡಲೇಬೇಕು, ಕೊಡದಿದ್ದರೆ ಬೇರೆಯವರು ಕೊಡುತ್ತಾರೆ. ಮೊದಲ ನಾಲ್ಕು ವರ್ಷ ಲಾಭ. ಕೊನೆಯ ವರ್ಷಗಳಲ್ಲಿ ಕಾಲು ನಿಧಾನವಾಗುತ್ತದೆ, ಸಂಬಳ ಮಾತ್ರ ಹಾಗೇ ಇರುತ್ತದೆ. ರೇಂಜರ್ಸ್‌ನ ಆಗಿನ ನಾಯಕ ಜೇಕಬ್ ಟ್ರೂಬಾ ಅವರದ್ದು ವರ್ಷಕ್ಕೆ 80 ಲಕ್ಷ ಡಾಲರ್‌ನ ಏಳು ವರ್ಷದ ಒಪ್ಪಂದ. ಇಷ್ಟು ದೊಡ್ಡ ತುಂಡು ಒಂದೇ ಕಡೆ ಹೋದಾಗ ಮೂರನೇ, ನಾಲ್ಕನೇ ಸಾಲಿನ ಆಟಗಾರರಿಗೆ ಉಳಿಯುವುದು ಚೂರುಪಾರು.

ಈ 'ಸಾಲು' ಅನ್ನುವುದೂ ಮುಖ್ಯ. ಐಸ್ ಮೇಲೆ ಪೂರ್ತಿ ವೇಗದಲ್ಲಿ ಯಾರೂ ಒಂದು ನಿಮಿಷಕ್ಕಿಂತ ಹೆಚ್ಚು ಓಡಲಾರರು. ಮುಕ್ಕಾಲು ನಿಮಿಷಕ್ಕೊಮ್ಮೆ ಆಟಗಾರರು ಬೆಂಚಿಗೆ ಹಾರಿ, ಹೊಸಬರು ಐಸ್‌ಗೆ ಇಳಿಯುತ್ತಾರೆ. ಅದಕ್ಕೇ ಮುಂದಿನವರು ಮೂವರಂತೆ ನಾಲ್ಕು ಸಾಲು, ಡಿಫೆಂಡರ್‌ಗಳು ಮೂರು ಜೋಡಿ. ಎಷ್ಟೇ ದೊಡ್ಡ ಸ್ಟಾರ್ ಆದರೂ ಪಂದ್ಯದ ಅರ್ಧಕ್ಕಿಂತ ಹೆಚ್ಚು ಹೊತ್ತು ಬೆಂಚಿನಲ್ಲೇ ಕೂತಿರುತ್ತಾನೆ. ಅವನು ಕೂತಿರುವಾಗ ಆಡುವವರು ಕಳಪೆಯಾದರೆ ಅವನು ಗಳಿಸಿದ್ದನ್ನೆಲ್ಲ ಅವರು ಕಳೆಯುತ್ತಾರೆ.

ಬೇಡವಾದವರನ್ನು ಮಾರುವುದೂ ಸುಲಭವಲ್ಲ. ಹಿರಿಯ ಆಟಗಾರರು ಒಪ್ಪಂದದಲ್ಲೇ 'ಇಂಥಿಂಥ ತಂಡಗಳಿಗೆ ನನ್ನನ್ನು ಕಳಿಸುವಂತಿಲ್ಲ' ಎಂದು ಬರೆಸಿಕೊಂಡಿರುತ್ತಾರೆ. 2024ರ ಜೂನ್‌ನಲ್ಲಿ ರೇಂಜರ್ಸ್ ಇದಕ್ಕೊಂದು ಹಿಂಬಾಗಿಲು ಹುಡುಕಿತು. ಬಾರ್ಕ್ಲೇ ಗುಡ್ರೋ ಎಂಬ ಆಟಗಾರನನ್ನು ವೇವರ್ಸ್‌ಗೆ ಹಾಕಿತು. ಅಂದರೆ 'ಈ ಆಟಗಾರನನ್ನು ನಾವು ಬಿಡುತ್ತಿದ್ದೇವೆ, ಬೇಕಾದವರು ಒಪ್ಪಂದದ ಸಮೇತ ತೆಗೆದುಕೊಳ್ಳಿ' ಎಂದು ಇಡೀ ಲೀಗ್‌ಗೆ ಹೇಳುವುದು. ಇಲ್ಲಿ ಆಟಗಾರನ ಪಟ್ಟಿ ನಡೆಯುವುದಿಲ್ಲ. ಆ ವರ್ಷ ಲೀಗ್‌ನಲ್ಲೇ ಕೊನೆಯ ಸ್ಥಾನದಲ್ಲಿದ್ದ ಸ್ಯಾನ್ ಹೋಸೆ ತಂಡ ಅವರನ್ನು ತೆಗೆದುಕೊಂಡಿತು. ನಿಯಮದ ಪ್ರಕಾರ ಸರಿಯೇ. ಆದರೆ ಸ್ವಲ್ಪ ದಿನದ ಹಿಂದೆಯಷ್ಟೇ ಪ್ಲೇಆಫ್‌ನಲ್ಲಿ ಗೋಲು ಹೊಡೆದು ತಂಡ ಗೆಲ್ಲಿಸಿದ್ದವರಿಗೆ ಹೀಗಾದದ್ದನ್ನು ಡ್ರೆಸ್ಸಿಂಗ್ ರೂಮಿನಲ್ಲಿ ಉಳಿದವರು ನೋಡಿದರು.

ಒಂದು ಸಂದೇಶ, 15 ಸೋಲು

2024ರ ನವೆಂಬರ್ ಕೊನೆಯ ವಾರ. ರೇಂಜರ್ಸ್ ಜನರಲ್ ಮ್ಯಾನೇಜರ್ ಕ್ರಿಸ್ ಡ್ರೂರಿ ಬೇರೆ ತಂಡಗಳ ಮ್ಯಾನೇಜರ್‌ಗಳಿಗೆ ಒಂದು ಸಂದೇಶ ಕಳಿಸಿದ್ದಾರೆ ಎಂಬ ಸುದ್ದಿ ಹೊರಬಂತು. ತಂಡದಲ್ಲಿ ಬದಲಾವಣೆಗೆ ಸಿದ್ಧರಿದ್ದೇವೆ ಅನ್ನುವುದು ಅದರ ಸಾರ, ಜೊತೆಗೆ ಎರಡು ಹೆಸರು: ನಾಯಕ ಟ್ರೂಬಾ ಮತ್ತು ಕ್ರೈಡರ್. ಇಂಥ ಮಾತುಕತೆ ಎಲ್ಲ ತಂಡಗಳಲ್ಲೂ ನಡೆಯುತ್ತದೆ. ಫೋನಿನಲ್ಲಿ ನಡೆದು ಅಲ್ಲೇ ಮುಗಿಯುತ್ತದೆ. ಇದು ಬೀದಿಗೆ ಬಂತು.

ನವೆಂಬರ್ 21ರಿಂದ ಡಿಸೆಂಬರ್ ಕೊನೆಯವರೆಗೆ ರೇಂಜರ್ಸ್ 19 ಪಂದ್ಯ ಆಡಿ 4 ಗೆದ್ದಿತು, 15 ಸೋತಿತು. ಹೆಚ್ಚುವರಿ ಆಟಕ್ಕೆ ಹೋಗಿ ಒಂದು ಪಾಯಿಂಟ್ ತಂದ ಸೋಲು ಒಂದೂ ಇಲ್ಲ. ಸಂದೇಶದಿಂದಲೇ ಸೋಲು ಬಂತು ಅನ್ನುವವರಿದ್ದಾರೆ. ಆದರೆ ದಿನಾಂಕ ನೋಡಿದರೆ ಸೋಲು ಸ್ವಲ್ಪ ಮೊದಲೇ ಶುರುವಾಗಿತ್ತು. ಸಂದೇಶ ಉರಿಯುವ ಬೆಂಕಿಗೆ ತುಪ್ಪ ಅನ್ನಬಹುದು, ಬೆಂಕಿ ಹಚ್ಚಿದ್ದು ಅದೇ ಅನ್ನುವುದು ಕಷ್ಟ.

ಡಿಸೆಂಬರ್ 6ರಂದು ಟ್ರೂಬಾ ಅನಾಹೈಮ್ ತಂಡಕ್ಕೆ ಹೋದರು. ಅದೇ ದಿನ ಶೆಸ್ಟರ್ಕಿನ್ ಎಂಟು ವರ್ಷಕ್ಕೆ 9.2 ಕೋಟಿ ಡಾಲರ್ ಒಪ್ಪಂದಕ್ಕೆ ಸಹಿ ಹಾಕಿದರು. ಗೋಲ್‌ಕೀಪರ್ ಒಬ್ಬರಿಗೆ ಲೀಗ್‌ನಲ್ಲಿ ಅಲ್ಲಿಯವರೆಗೆ ಅಷ್ಟು ಸಂಬಳ ಯಾರೂ ಕೊಟ್ಟಿರಲಿಲ್ಲ. ನಾಯಕನನ್ನು ಕಳಿಸಿ ಕ್ಯಾಪ್‌ನಲ್ಲಿ ಜಾಗ ಮಾಡಿಕೊಂಡ ದಿನವೇ ಮುಂದಿನ ವರ್ಷಗಳ ಜಾಗ ಬುಕ್ ಆಯಿತು. ಎರಡು ವಾರದೊಳಗೆ, 2019ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ಎರಡನೆಯವನಾಗಿ ಆಯ್ಕೆಯಾಗಿದ್ದ ಕಾಪೊ ಕಾಕೊ ಸಿಯಾಟಲ್‌ಗೆ ಹೋದರು. ಜನವರಿ 31ರಂದು ವ್ಯಾಂಕೂವರ್‌ನಿಂದ ಜೆ.ಟಿ. ಮಿಲ್ಲರ್ ಬಂದರು. ಅವರು ಬಂದಮೇಲೆ ಆಟ ಸ್ವಲ್ಪ ಚುರುಕಾಯಿತು. ಅಷ್ಟರಲ್ಲಿ ಡಿಸೆಂಬರ್‌ನ ಹಳ್ಳ ತುಂಬುವಷ್ಟು ಪಂದ್ಯ ಉಳಿದಿರಲಿಲ್ಲ.

ಕೋಚ್ ಯಾಕೆ ಮೊದಲು ಹೋಗುತ್ತಾರೆ?

ಸೀಸನ್ ಮುಗಿದ ಕೆಲವೇ ದಿನಕ್ಕೆ, ಏಪ್ರಿಲ್ 19ರಂದು, ಕೋಚ್ ಪೀಟರ್ ಲಾವಿಯೊಲೆಟ್ ಅವರನ್ನು ತೆಗೆದರು. ವರ್ಷದ ಹಿಂದೆ 114 ಪಾಯಿಂಟ್ ತಂದಿದ್ದವರೂ ಇವರೇ. ಇದರ ಹಿಂದಿನ ಲೆಕ್ಕ ಸರಳ. ಇಪ್ಪತ್ತು ಆಟಗಾರರನ್ನು ಬದಲಿಸಲು ಒಪ್ಪಂದ ಅಡ್ಡ ಬರುತ್ತದೆ, ಕ್ಯಾಪ್ ಅಡ್ಡ ಬರುತ್ತದೆ, ಎದುರು ತಂಡ ಒಪ್ಪಬೇಕು. ಕೋಚ್ ಒಬ್ಬರೇ, ಅವರ ಸಂಬಳ ಕ್ಯಾಪ್‌ಗೆ ಸೇರುವುದಿಲ್ಲ, ಒಂದು ಫೋನ್ ಸಾಕು. ಮೇ ತಿಂಗಳಲ್ಲಿ ಮೈಕ್ ಸಲಿವನ್ ಬಂದರು. ಪಿಟ್ಸ್‌ಬರ್ಗ್ ತಂಡಕ್ಕೆ 2016, 2017ರಲ್ಲಿ ಸತತ ಎರಡು ಸಲ ಸ್ಟ್ಯಾನ್ಲಿ ಕಪ್, ಅಂದರೆ ಪ್ಲೇಆಫ್ ಗೆದ್ದ ಚಾಂಪಿಯನ್‌ಗೆ ಸಿಗುವ ಕಪ್, ಗೆಲ್ಲಿಸಿಕೊಟ್ಟವರು.

ಮೊದಲೂ ಹೀಗಾಗಿತ್ತಾ?

ಲೀಗ್‌ನಲ್ಲಿ ಅತಿ ಹೆಚ್ಚು ಪಾಯಿಂಟ್ ಗಳಿಸಿದ ತಂಡಕ್ಕೆ ಪ್ರೆಸಿಡೆಂಟ್ಸ್ ಟ್ರೋಫಿ ಕೊಡುತ್ತಾರೆ. ಅದನ್ನು ಗೆದ್ದ ಮರುವರ್ಷವೇ ಪ್ಲೇಆಫ್ ತಪ್ಪಿಸಿಕೊಂಡ ನಾಲ್ಕನೇ ತಂಡ 2025ರ ರೇಂಜರ್ಸ್. 2008ರಲ್ಲಿ ಬಫಲೋ, 2015ರಲ್ಲಿ ಬಾಸ್ಟನ್. ಮತ್ತೆ ಎಲ್ಲರಿಗಿಂತ ಮೊದಲು, 1993ರಲ್ಲಿ, ಇದೇ ರೇಂಜರ್ಸ್.

ಮುಂದೇನಾಯಿತು ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಬಾಸ್ಟನ್ ಇನ್ನೊಂದು ವರ್ಷ ಹೊರಗೇ ಇದ್ದು, ಆಮೇಲೆ ಚೇತರಿಸಿಕೊಂಡು 2019ರಲ್ಲಿ ಫೈನಲ್ ಆಡಿತು. ಬಫಲೋ 2011ರ ನಂತರ ಸತತ 14 ಸೀಸನ್ ಪ್ಲೇಆಫ್ ಕಾಣಲಿಲ್ಲ. 1993ರ ರೇಂಜರ್ಸ್ ಹೊಸ ಕೋಚ್ ತಂದು, ಮರುವರ್ಷವೇ ಮತ್ತೆ ಲೀಗ್‌ನಲ್ಲಿ ಮೊದಲು ಬಂದು, 54 ವರ್ಷಗಳ ನಂತರ ಸ್ಟ್ಯಾನ್ಲಿ ಕಪ್ ಗೆದ್ದಿತು.

ಇನ್ನು ಆ ಸಂದೇಶದಲ್ಲಿದ್ದ ಎರಡು ಹೆಸರು. ಟ್ರೂಬಾ ಡಿಸೆಂಬರ್‌ನಲ್ಲೇ ಅನಾಹೈಮ್‌ಗೆ ಹೋಗಿದ್ದರು. 2025ರ ಜೂನ್‌ನಲ್ಲಿ ಕ್ರೈಡರ್ ಅವರನ್ನೂ ರೇಂಜರ್ಸ್ ಕಳಿಸಿಕೊಟ್ಟಿತು. ಅದೂ ಅನಾಹೈಮ್‌ಗೇ.